ನಾಲಿಗೆಯ ಸಿಹಿ ಸತ್ತರೆ ರಕ್ತದ ಸಕ್ಕರೆ ಇಳಿದಂತೆಯೇ?

ಪ್ರಶ್ನೆ: ನನಗೆ 52 ವರ್ಷ. ಸಕ್ಕರೆ ಕಾಯಿಲೆಗೆ ಮೂರು ವರ್ಷದಿಂದ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಹೊತ್ತು ತೆಗೆದುಕೊಳ್ಳುತ್ತಿದ್ದೇನೆ. ಬೇರೆ ಮಾತ್ರೆ ಇಲ್ಲ. ನಾಲ್ಕು ತಿಂಗಳ ಹಿಂದೆ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.1 ಬಂದಿತ್ತು. ಹಿರಿಯರೊಬ್ಬರ ಮಾತು ಕೇಳಿ ಮಧುನಾಶಿನಿ ಎಲೆಯ ಪುಡಿಯನ್ನು ಒಂದು ಚಮಚದಂತೆ ಶುರು ಮಾಡಿದೆ. ಶುರು ಮಾಡುವ ದಿನ ಮನೆಯ ಯಂತ್ರದಲ್ಲಿ ಖಾಲಿ ಹೊಟ್ಟೆಯ ಶುಗರ್ 168 ಇತ್ತು, ಮೂರು ವಾರದ ನಂತರ 139. ಎಲೆಯನ್ನು ಅಗಿದ ಮೇಲೆ ಸಕ್ಕರೆ ಬಾಯಿಗೆ ಹಾಕಿದರೆ ಮರಳಿನಂತಿರುತ್ತದೆ. ಇದಕ್ಕಿಂತ ಸಾಕ್ಷಿ ಬೇಕೇ? ವೈದ್ಯರು ಮಾತ್ರ ‘ಪ್ರೂಫ್ ಇಲ್ಲ’ ಅನ್ನುತ್ತಾರೆ. ಹಾಗಾದರೆ ಪ್ರೂಫ್ ಅಂದರೆ ಏನು? ಮಾತ್ರೆ ಬಿಟ್ಟು ಪುಡಿಯಲ್ಲೇ ಇರಬಹುದೇ?

ಉತ್ತರ: ಮಾತ್ರೆಯ ಮಾತು ಮೊದಲು ಮುಗಿಸಿಬಿಡೋಣ. ಬಿಡಬೇಡಿ. 139 ಬಂದದ್ದು ಮಾತ್ರೆ, ಪುಡಿ ಎರಡೂ ಹೊಟ್ಟೆಗೆ ಹೋಗುತ್ತಿದ್ದಾಗ. ಅದರಲ್ಲಿ ಪುಡಿಯ ಪಾಲು ಎಷ್ಟೆಂದು ಗೊತ್ತಾಗದೆ ಮಾತ್ರೆಯನ್ನು ತೆಗೆಯುವುದು, ಯಾವ ಕಂಬದ ಮೇಲೆ ಭಾರ ಕೂತಿದೆ ಎಂದು ನೋಡದೆ ಒಂದು ಕಂಬ ಕೀಳುವ ಕೆಲಸ. ಅಲ್ಲದೆ ಖಾಲಿ ಹೊಟ್ಟೆಯಲ್ಲಿ 126 ಮತ್ತು ಅದಕ್ಕೆ ಮೇಲಿದ್ದರೆ ಅದು ಸಕ್ಕರೆ ಕಾಯಿಲೆಯ ಲೆಕ್ಕವೇ. 139 ಇನ್ನೂ ಆ ಗೆರೆಯ ಆಚೆಗಿದೆ.

ಇನ್ನು ನಾಲಿಗೆಯ ಸಾಕ್ಷಿ. ನೀವು ಕಂಡದ್ದು ಭ್ರಮೆಯಲ್ಲ. 1847ರಲ್ಲೇ ಎಜ್‌ವರ್ತ್ ಎಂಬ ಬ್ರಿಟಿಷ್ ಅಧಿಕಾರಿ ಈ ಎಲೆ ಅಗಿದ ಮೇಲೆ ಚಹಾದ ಸಿಹಿ ಗೊತ್ತಾಗಲಿಲ್ಲ ಎಂದದ್ದು ದಾಖಲಾಗಿದೆ. 1887ರಲ್ಲಿ ಹೂಪರ್ ಎಂಬ ರಸಾಯನತಜ್ಞ ಅದರ ಕಾರಣವಸ್ತುವನ್ನು ಬೇರ್ಪಡಿಸಿ ಜಿಮ್ನೆಮಿಕ್ ಆಮ್ಲ ಎಂದು ಕರೆದ. ಈ ಆಮ್ಲ ನಾಲಿಗೆಯ ಮೇಲೆ ಸಿಹಿಯನ್ನು ಗುರುತಿಸುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಆದ ಮೇಲೆ ಬಿಟ್ಟುಹೋಗುತ್ತದೆ, ಸಿಹಿ ಮರಳುತ್ತದೆ. ಇಷ್ಟೆಲ್ಲ ನಡೆಯುವುದು ನಾಲಿಗೆಯಲ್ಲಿ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ನಿರ್ಧಾರವಾಗುವುದು ಮುಖ್ಯವಾಗಿ ಲಿವರ್‌ನಲ್ಲಿ: ನೀವು ಮಲಗಿರುವಾಗ ಲಿವರ್ ರಕ್ತಕ್ಕೆ ಎಷ್ಟು ಗ್ಲೂಕೋಸ್ ಬಿಡುತ್ತದೆ, ಅದನ್ನು ತಡೆಯಲು ಇನ್ಸುಲಿನ್‌ಗೆ ಎಷ್ಟು ಶಕ್ತಿ ಉಳಿದಿದೆ ಎಂಬುದರ ಮೇಲೆ. ಸಿಹಿ ರುಚಿಸದೆ ನೀವು ಸಿಹಿ ಕಡಿಮೆ ತಿಂದರೆ ಲಾಭವುಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ‘ಮಧು’ವನ್ನು ನಾಶ ಮಾಡುವ ಹೆಸರು ಈ ಗಿಡಕ್ಕೆ ಬಂದಿರುವುದು ಬಾಯಿಯ ಅನುಭವದಿಂದ. ಆ ಹೆಸರನ್ನು ರಕ್ತದ ವರದಿ ಎಂದು ಓದಬಾರದು.

168ರಿಂದ 139ಕ್ಕೆ ಇಳಿದದ್ದು? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾಟಿ ಔಷಧಿಯ ಮೇಲಿನ ಬಹುಪಾಲು ನಂಬಿಕೆ ಹುಟ್ಟುವುದು ಇಂಥ ಎರಡು ಅಂಕಿಗಳ ನಡುವಿನ ಜಾಗದಲ್ಲೇ.

ಮನೆಯ ಗ್ಲೂಕೋಮೀಟರ್‌ಗೆ 2013ರಿಂದ ಇರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಶುಗರ್ 100ಕ್ಕಿಂತ ಮೇಲಿರುವಾಗ ನೂರರಲ್ಲಿ 95 ಅಳತೆಗಳು ಪ್ರಯೋಗಾಲಯದ ಅಳತೆಗಿಂತ ಶೇ 15ರಷ್ಟು ಆಚೀಚೆ ಇದ್ದರೂ ಯಂತ್ರ ಪಾಸಾದಂತೆ. ಲೆಕ್ಕ ಹಾಕಿ ನೋಡಿ. ನಿಮ್ಮ ರಕ್ತದಲ್ಲಿ ನಿಜಕ್ಕೂ 150 ಇದ್ದರೆ, ಒಳ್ಳೆಯ ಯಂತ್ರವೇ 128 ಎಂದೂ ತೋರಿಸಬಹುದು, 172 ಎಂದೂ ತೋರಿಸಬಹುದು. ಅಂದರೆ ಎರಡೂ ದಿನ ನಿಮ್ಮ ಶುಗರ್ 150ರಲ್ಲೇ ನಿಂತಿದ್ದು, ಒಂದು ದಿನ 168 ಎಂದೂ ಇನ್ನೊಂದು ದಿನ 139 ಎಂದೂ ಬಂದಿರುವ ಸಾಧ್ಯತೆ ಇದೆ. ಹಾಗೇ ಆಗಿದೆ ಎನ್ನುತ್ತಿಲ್ಲ. ಹಾಗೆ ಆಗಿಲ್ಲ ಎಂದು ಈ ಎರಡು ಅಂಕಿಗಳಿಂದ ತೋರಿಸಲು ಆಗುವುದಿಲ್ಲ, ಅಷ್ಟೇ. ಇದಕ್ಕೆ ಹಿಂದಿನ ರಾತ್ರಿಯ ಊಟ, ಕೆಟ್ಟ ನಿದ್ದೆ, ಒಂದು ಸಣ್ಣ ಜ್ವರ, ಬೆರಳಿಗೆ ಅಂಟಿದ ಹಣ್ಣಿನ ರಸ ಎಲ್ಲವನ್ನೂ ಸೇರಿಸಿಕೊಳ್ಳಿ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಹೊಸ ಔಷಧಿಯನ್ನು ಜನ ಯಾವಾಗ ಶುರು ಮಾಡುತ್ತಾರೆ? ಅಂಕಿ ನೋಡಿ ಎದೆ ಧಸಕ್ಕೆಂದ ದಿನ. ಏರಿಳಿಯುವ ಯಾವ ಅಂಕಿಯೂ ತುತ್ತತುದಿಯಲ್ಲಿ ನಿಲ್ಲುವುದಿಲ್ಲ. ಮುಂದಿನ ಅಳತೆ ಸರಾಸರಿಯ ಕಡೆಗೇ ಜಾರುವ ಸಂಭವ ಹೆಚ್ಚು. ಆ ಹೊತ್ತಿಗೆ ನೀವು ಏನು ನುಂಗುತ್ತಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಜೊತೆಗೆ, ಭಯ ಹುಟ್ಟಿದವರು ಪುಡಿಯೊಂದನ್ನೇ ಶುರು ಮಾಡುವುದಿಲ್ಲ. ನಡಿಗೆ ಹೆಚ್ಚಿಸುತ್ತಾರೆ, ಪಥ್ಯ ಬಿಗಿ ಮಾಡುತ್ತಾರೆ, ತಪ್ಪಿಹೋಗುತ್ತಿದ್ದ ರಾತ್ರಿಯ ಮಾತ್ರೆಯನ್ನೂ ನೆನಪಿಟ್ಟು ತೆಗೆದುಕೊಳ್ಳುತ್ತಾರೆ. ನಿಮ್ಮ ಪತ್ರದಲ್ಲಿ ಇದರ ಪ್ರಸ್ತಾಪವಿಲ್ಲ. ನೆನಪು ಮಾಡಿಕೊಂಡು ನೋಡಿ.

ಔಷಧ ಪರೀಕ್ಷೆಯಲ್ಲಿ ಬಳಸುವ ಉಪಾಯಗಳೆಲ್ಲ ಹುಟ್ಟಿರುವುದು ಈ ಮೋಸಗಳನ್ನು ಒಂದೊಂದಾಗಿ ಮುಚ್ಚುವುದಕ್ಕೆ. ‘ಪ್ರೂಫ್’ ಎಂದು ನಿಮ್ಮ ವೈದ್ಯರು ಹೇಳಿದ್ದು ಇದನ್ನೇ. ಅಂಕಿ ತಾನಾಗಿ ಇಳಿಯಬಹುದು ಎಂದು ಹೋಲಿಕೆಗೆ ಇನ್ನೊಂದು ಗುಂಪು. ಉತ್ಸಾಹಿಗಳೆಲ್ಲ ಔಷಧದ ಗುಂಪಿಗೇ ಸೇರಿಬಿಡಬಾರದು ಎಂದು ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು. ಔಷಧ ಸಿಕ್ಕಿದೆ ಎಂಬ ಖುಷಿಗೆ ನಡಿಗೆ ಹೆಚ್ಚಬಾರದು ಎಂದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದು ಔಷಧ, ಯಾವುದು ಪ್ಲಸಿಬೊ (ನೋಡಲು ಔಷಧದಂತೆಯೇ ಇದ್ದು ಒಳಗೆ ಔಷಧವಿಲ್ಲದ್ದು) ಎಂದು ತಿಳಿಯದಂತೆ ಮಾಡುವುದು. ಒಂದು ದಿನದ ಅಂಕಿಗೆ ಬೆಲೆ ಇಲ್ಲದ್ದರಿಂದ ಎಚ್‌ಬಿಎ1ಸಿ ಅಳೆಯುವುದು: ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಅದಕ್ಕೆ ಅಂಟಿದ ಸಕ್ಕರೆ ಕಳೆದ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಹಾಗಾಗಿ ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಪರೀಕ್ಷೆ ಕಂಡರೆ ನಾನು ಅರ್ಧ ಓದಿ ಮಡಚಿಡುತ್ತೇನೆ.

ಮಧುನಾಶಿನಿಯಲ್ಲಿ ಒಂದು ಸೋಜಿಗದ ತೊಡಕಿದೆ. ಪುಡಿಯಾಗಿ ಕೊಟ್ಟರೆ ಗುಟ್ಟು ನಾಲಿಗೆಯಲ್ಲೇ ರಟ್ಟಾಗುತ್ತದೆ! ಯಾರಿಗೆ ಸಿಹಿ ಸತ್ತಿತೋ ಅವರಿಗೆ ತಾವು ಯಾವ ಗುಂಪೆಂದು ಮೊದಲ ದಿನವೇ ಗೊತ್ತು. ಹಾಗಾಗಿ ಇದನ್ನು ಪರೀಕ್ಷಿಸುವವರು ಕ್ಯಾಪ್ಸೂಲಿನಲ್ಲೇ ಕೊಡಬೇಕು. ಆಗ ನಾಲಿಗೆಯ ಲಾಭ ಕಳೆದುಹೋಗುತ್ತದೆ, ಹೊಟ್ಟೆಯೊಳಗಿನ ಕೆಲಸ ಮಾತ್ರ ಅಳತೆಗೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಅಳೆಯಲು ಒಳ್ಳೆಯ ದಾರಿ ನನಗಂತೂ ಹೊಳೆದಿಲ್ಲ.

ಈ ಗಿಡದ ಮೇಲೆ ಯಾರೂ ಕೆಲಸ ಮಾಡಿಲ್ಲ ಎಂದುಕೊಳ್ಳಬೇಡಿ. 1990ರಲ್ಲಿ ಮದ್ರಾಸಿನ ಸಂಶೋಧಕರು ಟೈಪ್ 2 ಸಕ್ಕರೆ ಕಾಯಿಲೆ ಇದ್ದ 22 ಮಂದಿಗೆ, ಅವರ ಮಾಮೂಲಿ ಮಾತ್ರೆಗಳ ಜೊತೆಗೆ, ದಿನಕ್ಕೆ 400 ಮಿಲಿಗ್ರಾಂ ಎಲೆಯ ಸಾರವನ್ನು 18ರಿಂದ 20 ತಿಂಗಳು ಕೊಟ್ಟು ವರದಿ ಮಾಡಿದರು. ಶುಗರ್ ಇಳಿಯಿತು, ಎಚ್‌ಬಿಎ1ಸಿ ಇಳಿಯಿತು, ಐವರು ಮಾತ್ರೆಯನ್ನೇ ಬಿಟ್ಟರು. ಜಾಹೀರಾತುಗಳಲ್ಲಿ ಕಾಣುವುದು ಆ ಐವರು; ಮಾತ್ರೆ ಬಿಡಲಾಗದ ಉಳಿದ ಹದಿನೇಳು ಜನರ ಸುದ್ದಿಯೇ ಇರುವುದಿಲ್ಲ. ಅಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ, ಯಾರಿಗೆ ಏನು ಸಿಗುತ್ತಿದೆ ಎಂಬುದು ಗುಟ್ಟಾಗಿಯೂ ಇರಲಿಲ್ಲ. ಇನ್ನೊಂದು ಮಾತು: 400 ಮಿಲಿಗ್ರಾಂ ಸಾರ ಎಂದರೆ 400 ಮಿಲಿಗ್ರಾಂ ಪುಡಿಯಲ್ಲ. ನೀವು ಚಮಚದಲ್ಲಿ ತೆಗೆದುಕೊಳ್ಳುವುದು ಬೇರೆ ವಸ್ತು, ಅವರು ಕೊಟ್ಟದ್ದು ಬೇರೆ ವಸ್ತು.

ಒಳ್ಳೆಯ ಪರೀಕ್ಷೆ ಹೇಗಿರುತ್ತದೆ ಎಂದು ತೋರಿಸಲು ಎರಡು ಬೇರೆ ಗಿಡಗಳ ಕಥೆ ಹೇಳುತ್ತೇನೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವುದನ್ನು ಕೇಳಿರುತ್ತೀರಿ. ಅದೇ ಮರವನ್ನು, ಅಂದರೆ ವಿಜಯಸಾರವನ್ನು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ಪರೀಕ್ಷಿಸಿ 1998ರಲ್ಲಿ ವರದಿ ಕೊಟ್ಟಿತು. ಹೊಸದಾಗಿ ಕಾಯಿಲೆ ಪತ್ತೆಯಾದ 97 ಮಂದಿಯಲ್ಲಿ 67 ಮಂದಿಗೆ 12 ವಾರದಲ್ಲಿ ಶುಗರ್ ಹತೋಟಿಗೆ ಬಂತು. ಕೇಳಲು ಬಹಳ ಚೆನ್ನಾಗಿದೆ. ಆದರೆ ಎಲ್ಲರಿಗೂ ಔಷಧವೇ ಸಿಕ್ಕಿದ ಮುಕ್ತ ಪರೀಕ್ಷೆ ಅದು, ಪಕ್ಕದಲ್ಲಿ ಪ್ಲಸಿಬೊ ಗುಂಪಿಲ್ಲ. ಹೊಸದಾಗಿ ಕಾಯಿಲೆ ಗೊತ್ತಾದವರು ಪಥ್ಯಕ್ಕೆ ಅತಿ ಚೆನ್ನಾಗಿ ಬಗ್ಗುವ ಜನ. 67ರಲ್ಲಿ ಎಷ್ಟು ಮಂದಿ ಪಥ್ಯದಿಂದಲೇ ಸರಿಹೋಗುತ್ತಿದ್ದರು ಎಂದು ಆ ವರದಿಯಿಂದ ಹೇಳಲಾಗದು. ಅದರ ಎದುರಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ತೊಂಡೆ ಗಿಡದ ಪರೀಕ್ಷೆಯನ್ನು ಇಡಿ. ಇದ್ದದ್ದು 60 ಮಂದಿ ಮಾತ್ರ. ಆದರೆ ಅರ್ಧ ಜನರಿಗೆ ದಿನಕ್ಕೆ 1 ಗ್ರಾಂ ಸಾರ, ಉಳಿದವರಿಗೆ ಪ್ಲಸಿಬೊ, 90 ದಿನ, ಯಾರದ್ದು ಏನೆಂದು ಯಾರಿಗೂ ತಿಳಿಯದಂತೆ. ಪ್ಲಸಿಬೊ ಗುಂಪಿಗೆ ಹೋಲಿಸಿದರೆ ಖಾಲಿ ಹೊಟ್ಟೆಯ ಶುಗರ್ ಶೇ 16, ಊಟದ ನಂತರದ್ದು ಶೇ 18 ಇಳಿಯಿತು. ಅಂಕಿ ಚಿಕ್ಕದು, ಆದರೆ ನನಗೆ ಅದರ ಮೇಲೆ ನಂಬಿಕೆ ಹೆಚ್ಚು. ಅವರು ಕೊಟ್ಟದ್ದೂ ಪಲ್ಯದ ತೊಂಡೆಕಾಯಿ ಅಲ್ಲ, ಆಲ್ಕೋಹಾಲಿನಲ್ಲಿ ತೆಗೆದ ಸಾರ, ಅದನ್ನೂ ಮರೆಯಬಾರದು.

ಎಷ್ಟು ಜನ ಬೇಕು? ಎರಡು ಗುಂಪುಗಳ ಎಚ್‌ಬಿಎ1ಸಿಯಲ್ಲಿ 0.5ರಷ್ಟು ವ್ಯತ್ಯಾಸ ಹಿಡಿಯಬೇಕೆಂದುಕೊಳ್ಳಿ, ಜನರಿಂದ ಜನರಿಗೆ ಏರುಪೇರು 1.2ರಷ್ಟಿದೆ ಎಂದುಕೊಳ್ಳಿ: ಒಂದೊಂದು ಗುಂಪಿಗೂ 90 ಜನರ ಆಸುಪಾಸು ಬೇಕಾಗುತ್ತದೆ, ಮಧ್ಯದಲ್ಲಿ ಬಿಟ್ಟುಹೋಗುವವರನ್ನು ಬಿಟ್ಟು. ಇಪ್ಪತ್ತೆರಡು ಜನರ ಪರೀಕ್ಷೆ ಏಕೆ ಸಾಲದು ಎಂಬುದಕ್ಕೆ ಉತ್ತರ ಇಷ್ಟೇ.

ಇಲಿಗಳ ಮೇಲಿನ ಪರೀಕ್ಷೆಗಳ ಬಗ್ಗೆ ಎರಡು ಮಾತು, ಏಕೆಂದರೆ ಗಿಡಮೂಲಿಕೆಯ ‘ವೈಜ್ಞಾನಿಕ ಸಾಬೀತು’ ಎಂದು ಓಡಾಡುವುದೆಲ್ಲ ಬಹುತೇಕ ಅದೇ. ಇಲಿಯ ಮೇಲೆ ಸೋತ ಸೊಪ್ಪಿನ ವರದಿಯನ್ನು ನಾನು ಓದಿದ ನೆನಪೇ ಇಲ್ಲ. ಸೋತದ್ದು ಅಚ್ಚಾಗುವುದು ಅಪರೂಪ. ಸಾಮಾನ್ಯವಾಗಿ ಸ್ಟ್ರೆಪ್ಟೊಜೋಟೊಸಿನ್ ಎಂಬ ವಿಷ ಕೊಟ್ಟು ಇನ್ಸುಲಿನ್ ತಯಾರಿಸುವ ಬೀಟಾ ಕಣಗಳನ್ನು ಹಾಳುಮಾಡಿ ಇಲಿಗೆ ಸಕ್ಕರೆ ಕಾಯಿಲೆ ಬರಿಸುತ್ತಾರೆ. ನಿಮ್ಮ ಕಾಯಿಲೆ ಹಾಗೆ ಬಂದದ್ದಲ್ಲ. ವಿಷಕ್ಕೆ ಮೊದಲೇ ಸಾರ ಕೊಟ್ಟಿದ್ದರೆ ಆ ಸಾರ ವಿಷವನ್ನು ತಡೆಯಿತೋ ಕಾಯಿಲೆಯನ್ನು ತಗ್ಗಿಸಿತೋ ಎಂಬುದೇ ತಿಳಿಯುವುದಿಲ್ಲ. ಪ್ರಮಾಣದ ಲೆಕ್ಕವೂ ನೋಡಿ. ಇಲಿಯ ತೂಕದ ಒಂದು ಕಿಲೋಗೆ 400 ಮಿಲಿಗ್ರಾಂ ಸಾರ ಎಂದರೆ, ಮನುಷ್ಯನಿಗೆ ಹೊಂದಿಸಲು 6.2ರಿಂದ ಭಾಗಿಸಬೇಕು: ಕಿಲೋಗೆ ಸುಮಾರು 65 ಮಿಲಿಗ್ರಾಂ, 60 ಕಿಲೋ ಮನುಷ್ಯನಿಗೆ ದಿನಕ್ಕೆ 3.9 ಗ್ರಾಂ ಸಾರ. ಹತ್ತು ಗ್ರಾಂ ಒಣ ಎಲೆಗೆ ಒಂದು ಗ್ರಾಂ ಸಾರ ಬರುವುದಾದರೆ ದಿನಕ್ಕೆ 39 ಗ್ರಾಂ ಎಲೆ. ನಿಮ್ಮ ಒಂದು ಚಮಚ ಎಲ್ಲಿ, ಇದೆಲ್ಲಿ.

ವೈದ್ಯರ ಮಾತ್ರೆ ಕಾರ್ಖಾನೆಯದ್ದು, ನನ್ನದು ಪ್ರಕೃತಿಯದ್ದು ಎಂಬ ಭಾವನೆ ನಿಮಗಿದ್ದರೆ ನಿಮ್ಮ ಮೆಟ್‌ಫಾರ್ಮಿನ್‌ನ ಹುಟ್ಟನ್ನು ಸ್ವಲ್ಪ ಕೇಳಿ. ಯುರೋಪಿನಲ್ಲಿ ನಾಟಿ ಔಷಧಿಯಾಗಿದ್ದ ಗಲೀಗಾ ಎಂಬ ಗಿಡದಲ್ಲಿ ಗಲೀಜಿನ್ ಎಂಬ ವಸ್ತುವಿದೆ. ಅದು ಶುಗರ್ ಇಳಿಸುತ್ತಿತ್ತು, ಆದರೆ ವಿಷವೂ ಆಗಿತ್ತು. ಅದರ ದಾಯಾದಿಗಳನ್ನು ಹುಡುಕುವ ಹಾದಿಯಲ್ಲಿ ಸಿಕ್ಕಿದ್ದೇ ಮೆಟ್‌ಫಾರ್ಮಿನ್. ಅದನ್ನು ಮೊದಲು ತಯಾರಿಸಿದ್ದು 1922ರಲ್ಲಿ. ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ವರದಿ ಮಾಡಿದ್ದು 1957ರಲ್ಲಿ. ಅಲ್ಲಿಗೂ ಮುಗಿಯಲಿಲ್ಲ. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ತೂಕ ಹೆಚ್ಚಿದ್ದ ರೋಗಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ, ಈ ಮಾತ್ರೆಯವರಲ್ಲಿ ಹೃದಯಾಘಾತ ಶೇ 39ರಷ್ಟು ಕಡಿಮೆ ಎಂದು ಹೇಳಿದ್ದು 1998ರಲ್ಲಿ. ಶುಗರ್ ಇಳಿಸುತ್ತದೆ ಎಂದು ಗೊತ್ತಾಗಿ ನಾಲ್ಕು ದಶಕದ ಮೇಲೆ! ಈ ಕೊನೆಯ ಮೆಟ್ಟಿಲು ಯಾಕೆ ಬೇಕೆಂದರೆ, ರೋಸಿಗ್ಲಿಟಜೋನ್ ಎಂಬ ಮಾತ್ರೆಯೂ ಶುಗರ್ ಚೆನ್ನಾಗಿಯೇ ಇಳಿಸುತ್ತಿತ್ತು. ಹೃದಯಾಘಾತ ಹೆಚ್ಚಿಸುತ್ತಿರಬಹುದೆಂಬ ಅನುಮಾನ 2007ರಲ್ಲಿ ಎದ್ದು, 2010ರಲ್ಲಿ ಭಾರತದಲ್ಲೂ ಅದರ ಮಾರಾಟ ನಿಂತಿತು. ನಾವು ಶುಗರ್ ಇಳಿಸುವುದು ಕಣ್ಣು, ಕಿಡ್ನಿ, ಹೃದಯ ಉಳಿಯಲೆಂದು. ಮಧುನಾಶಿನಿ ಆ ಮೆಟ್ಟಿಲಿನ ಹತ್ತಿರವೂ ಬಂದಿಲ್ಲ.

ನಿಮ್ಮ ಪೊಟ್ಟಣದೊಳಗೆ ಇರುವುದು ಏನು ಎಂಬುದು ಇನ್ನೊಂದು ಪ್ರಶ್ನೆ. ಆಯುರ್ವೇದ ಗ್ರಂಥಗಳ ‘ಮೇಷಶೃಂಗಿ’ಯನ್ನು ಹೆಚ್ಚಿನವರು ಮಧುನಾಶಿನಿ ಎನ್ನುತ್ತಾರೆ, ಕೆಲವರು ಡೋಲಿಕ್ಯಾಂಡ್ರೋನ್ ಎಂಬ ಬೇರೆಯೇ ಮರವನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಪುಡಿಯಾದ ಮೇಲೆ ಕಣ್ಣಿಗೆ ಎರಡೂ ಒಂದೇ. ಗಂಭೀರವಾಗಿ ಪರೀಕ್ಷಿಸುವವರು ಮೊದಲು ಗಿಡದ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿಟ್ಟು ಗುರುತು ಖಚಿತ ಮಾಡಿಕೊಳ್ಳುತ್ತಾರೆ, ಜಿಮ್ನೆಮಿಕ್ ಆಮ್ಲ ಎಷ್ಟಿದೆ ಎಂದು ಪ್ರತಿ ಬ್ಯಾಚಿನಲ್ಲೂ ಅಳೆಯುತ್ತಾರೆ, ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ನೋಡುತ್ತಾರೆ. ಆಯುರ್ವೇದ ಔಷಧಕೋಶದ ಮಿತಿಯಂತೆ ಸೀಸ ಹತ್ತು ಲಕ್ಷದಲ್ಲಿ 10 ಭಾಗ ದಾಟಬಾರದು, ಪಾದರಸ 1 ಭಾಗ.

ಇದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಕಲಬೆರಕೆ. 2008ರಲ್ಲಿ ಸಿಂಗಪುರದಲ್ಲಿ ಸಕ್ಕರೆ ಕಾಯಿಲೆಯೇ ಇಲ್ಲದ 150 ಮಂದಿ ಲೋ ಶುಗರ್ ಆಗಿ ಆಸ್ಪತ್ರೆ ಸೇರಿದರು, ನಾಲ್ವರು ಸತ್ತರು. ಪುರುಷರ ಲೈಂಗಿಕ ಶಕ್ತಿಗೆಂದು ಅಕ್ರಮವಾಗಿ ಮಾರುತ್ತಿದ್ದ ಉತ್ಪನ್ನಗಳಲ್ಲಿ ಗ್ಲೈಬೆನ್‌ಕ್ಲಮೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಬೆರೆತಿತ್ತು. ‘ಗಿಡಮೂಲಿಕೆ’ ಎಂದು ಮಾರುವ ಶುಗರ್ ಪುಡಿಗಳಲ್ಲೂ ಇದೇ ಮಾತ್ರೆ ಸಿಕ್ಕಿಬಿದ್ದ ಉದಾಹರಣೆಗಳಿವೆ. ಹಾಗಾಗಿ ಯಾವುದೋ ಪುಡಿ ಮೂರೇ ದಿನದಲ್ಲಿ ಪವಾಡದಂತೆ ಶುಗರ್ ಇಳಿಸಿದರೆ ನಾನು ಖುಷಿಪಡುವ ಬದಲು ಅದನ್ನು ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಶುದ್ಧ ಮಧುನಾಶಿನಿಯೂ ಪೂರ್ತಿ ನಿರಪಾಯವೆನ್ನಲಾರೆ. ಅದನ್ನು ಬಳಸುತ್ತಿದ್ದ ರೋಗಿಯೊಬ್ಬರಿಗೆ ಲಿವರ್‌ಗೆ ಪೆಟ್ಟಾದ ಪ್ರಕರಣ 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಇಷ್ಟಾದರೂ ‘ನನ್ನ ಮಟ್ಟಿಗೆ ಕೆಲಸ ಮಾಡುತ್ತದೆಯೋ ಇಲ್ಲವೋ’ ಎಂದು ತಿಳಿಯುವ ಆಸೆ ನಿಮಗಿದ್ದೇ ಇರುತ್ತದೆ. ಒಬ್ಬನೇ ರೋಗಿಯ ಮೇಲೆ ಮಾಡುವ ಪರೀಕ್ಷೆಗೂ ಒಂದು ಕ್ರಮವಿದೆ. ಟೈಪ್ 2 ಇದ್ದು, ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದು, ಲಿವರ್ ಮತ್ತು ಕಿಡ್ನಿಯ ವರದಿ ಚೆನ್ನಾಗಿದ್ದು, ವೈದ್ಯರು ಒಪ್ಪಿದರೆ ಮಾತ್ರ ಇದಕ್ಕೆ ಕೈ ಹಾಕಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇರುವವರು, ಟೈಪ್ 1 ಇರುವವರು, ಗರ್ಭಿಣಿಯರು ಇದರ ಗೊಡವೆಗೆ ಹೋಗಬಾರದು.

ಕ್ರಮ ಹೀಗೆ. ಮಾತ್ರೆ, ಊಟ, ನಡಿಗೆ ಹೇಗಿದೆಯೋ ಹಾಗೇ ಇರಲಿ. ಮನೆಯವರೊಬ್ಬರು ಒಳಗಿನದು ಕಾಣದ ಕ್ಯಾಪ್ಸೂಲುಗಳಲ್ಲಿ ಒಂದು ಡಬ್ಬಿಗೆ ಪುಡಿ, ಇನ್ನೊಂದಕ್ಕೆ ಬರೀ ಹಿಟ್ಟು ತುಂಬಲಿ. ಯಾವುದು ಯಾವುದೆಂದು ಅವರಲ್ಲೇ ಇರಲಿ. ಮೂರು ವಾರ ಒಂದು ಡಬ್ಬಿ, ಮೂರು ವಾರ ಇನ್ನೊಂದು. ಯಾವುದು ಮೊದಲು ಎಂದು ಅವರು ನಾಣ್ಯ ಚಿಮ್ಮಿ ನಿರ್ಧರಿಸಲಿ. ಇದನ್ನೇ ಇನ್ನೊಂದು ಸುತ್ತು ಮಾಡಿ, ಮತ್ತೆ ನಾಣ್ಯ. ಒಟ್ಟು 12 ವಾರ. ಪ್ರತಿ ಮೂರು ವಾರದ ಮೊದಲ ವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನದರ ಪ್ರಭಾವ ಕಳೆಯಲು ಅದು ಬೇಕು. ಉಳಿದ ಎರಡು ವಾರ ದಿನ ಬಿಟ್ಟು ದಿನ, ಕೈ ತೊಳೆದು ಒರೆಸಿಕೊಂಡು, ಎದ್ದ ಮೇಲೆ ಒಂದೇ ಹೊತ್ತಿಗೆ, ಒಂದೇ ಯಂತ್ರದಲ್ಲಿ ಶುಗರ್ ನೋಡಿ ಬರೆದಿಡಿ. ಏಳು ಅಂಕಿಗಳ ಸರಾಸರಿ ತೆಗೆಯಿರಿ. ಇಷ್ಟವಾಗದ ಅಂಕಿ ಬಂದರೆ ‘ಸ್ಟ್ರಿಪ್ ಸರಿಯಿಲ್ಲ’ ಎಂದು ಮತ್ತೆ ಚುಚ್ಚಿಕೊಳ್ಳುವುದು, ಇಷ್ಟವಾದದ್ದನ್ನು ಹಾಗೇ ಬರೆದುಕೊಳ್ಳುವುದು ಮಾಡಬೇಡಿ. ಕಲಿತವರೂ ಜಾರುವುದು ಇಲ್ಲೇ.

ಎರಡೂ ಸುತ್ತಿನಲ್ಲಿ ಪುಡಿಯ ಸರಾಸರಿ 20ರಷ್ಟೋ ಹೆಚ್ಚೋ ಕೆಳಗಿದ್ದರೆ ವೈದ್ಯರ ಮುಂದಿಡಲು ಯೋಗ್ಯವಾದ ಮಾಹಿತಿ ನಿಮ್ಮಲ್ಲಿದೆ. ಒಂದು ಸುತ್ತಿನಲ್ಲಿ ಇಳಿದು ಇನ್ನೊಂದರಲ್ಲಿ ಏರಿದ್ದರೆ, ಅಥವಾ ವ್ಯತ್ಯಾಸ ಐದೋ ಎಂಟೋ ಆಗಿದ್ದರೆ, ಅದು ದಿನದಿನದ ಏರುಪೇರು ಎಂದು ನಾನು ತಿಳಿಯುತ್ತೇನೆ. ಮಧ್ಯದಲ್ಲಿ ಯಾವತ್ತಾದರೂ 70ಕ್ಕಿಂತ ಕೆಳಗಿಳಿದರೆ, 250 ದಾಟಿ ನಿಂತರೆ, ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಲಿವರ್ ಪರೀಕ್ಷೆಯನ್ನು ಶುರುವಿಗೊಮ್ಮೆ, ಮುಗಿದ ಮೇಲೊಮ್ಮೆ ಮಾಡಿಸಿ.

ವೈದ್ಯರ ಮೇಲೆ ಬೇಸರ ಬೇಡ. ‘ಪ್ರೂಫ್ ಇಲ್ಲ’ ಎಂದರೆ ‘ಕೆಲಸ ಮಾಡುವುದಿಲ್ಲ’ ಎಂದಲ್ಲ, ‘ಸರಿಯಾಗಿ ನೋಡಿದವರಿಲ್ಲ’ ಎಂದು. ಪುಡಿ ತೆಗೆದುಕೊಳ್ಳುತ್ತಿರುವುದನ್ನು ಮುಚ್ಚಿಡದೆ ಪೊಟ್ಟಣ ಸಮೇತ ಹೋಗಿ ತೋರಿಸಿ. ಆದರೆ ಹೋಗುವ ಮುನ್ನ ಎಚ್‌ಬಿಎ1ಸಿ ಮತ್ತೊಮ್ಮೆ ಮಾಡಿಸಿ, 8.1 ಬಂದು ನಾಲ್ಕು ತಿಂಗಳಾಯಿತಲ್ಲ. ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನೀವು ಈಗ ತೆಗೆದುಕೊಳ್ಳುತ್ತಿರುವುದು ದಿನಕ್ಕೆ 1000 ಮಿಲಿಗ್ರಾಂ ಮೆಟ್‌ಫಾರ್ಮಿನ್. ಕಿಡ್ನಿ ಚೆನ್ನಾಗಿದ್ದರೆ 2000ದವರೆಗೆ ಏರಿಸಲು ಜಾಗವಿದೆ, ಎಚ್‌ಬಿಎ1ಸಿ ಇನ್ನೂ 8ರ ಹತ್ತಿರವೇ ಇದ್ದರೆ ವೈದ್ಯರು ಏರಿಸುವ ಸಂಭವ ಹೆಚ್ಚು. ಹಾಗೇನಾದರೂ ಆದರೆ ಪುಡಿಯ ಪರೀಕ್ಷೆಯನ್ನು ಮುಂದಕ್ಕೆ ಹಾಕಿ. ಹೊಸ ಪ್ರಮಾಣ ದೇಹಕ್ಕೆ ಹೊಂದಿ, ಮೂರು ತಿಂಗಳ ಮೇಲೆ ಇನ್ನೊಂದು ಎಚ್‌ಬಿಎ1ಸಿ ಬಂದ ನಂತರ ನಾಣ್ಯ ಚಿಮ್ಮಬಹುದು.